ಬಾಟಲಿಯಿಂದ ಅಂಗಳಕ್ಕೆ: ನೆಲದ ಆರ್ಕಿಡ್

ಆತ್ಮೀಯ ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಕೆಲವರು ಜಗಲಿಯಲ್ಲಿ ಅಡಿಕೆ ಸುಲಿಯುತ್ತಿರಬಹುದು, ಕೆಲವರು ಒಲೆಯ ಮುಂದೆ ಇರಬಹುದು. ಕೈಯ ಕೆಲಸ ನಿಲ್ಲಿಸಬೇಡಿ, ಕಿವಿ ಮಾತ್ರ ಇತ್ತ ಕೊಡಿ.

ಆರ್ಕಿಡ್ ಎಂದೊಡನೆ ನಮಗೆ ನೆನಪಾಗುವುದು ಮರದ ಕೊಂಬೆಯಿಂದ ಇಳಿಬಿದ್ದ ಸೀತಾಳೆ ದಂಡೆ. ಇವತ್ತು ನಾನು ಹೇಳಹೊರಟಿರುವುದು ಮಣ್ಣಿನಲ್ಲೇ ಬೇರೂರುವ ಆರ್ಕಿಡ್ ಬಗ್ಗೆ. ಸ್ಪ್ಯಾಥೊಗ್ಲಾಟಿಸ್ ಪ್ಲಿಕೇಟಾ ಎಂಬುದು ಅದರ ಶಾಸ್ತ್ರೀಯ ಹೆಸರು. ನರ್ಸರಿಯವರು ಗ್ರೌಂಡ್ ಆರ್ಕಿಡ್ ಎನ್ನುತ್ತಾರೆ. ಎಲೆ ನೆರಿಗೆ ಹಿಡಿದ ಸೀರೆಯಂತೆ ಮಡಿಕೆ ಮಡಿಕೆ. ಎಳೆಯದಿರುವಾಗ ಅಡಿಕೆ ಸಸಿಯೆಂದೇ ತಿಳಿಯಬೇಕು. ಉದ್ದನೆಯ ದಂಟಿನ ತುದಿಯಲ್ಲಿ ಒಂದಾದ ಮೇಲೊಂದರಂತೆ ನೇರಳೆ ಹೂಗಳು ಅರಳುತ್ತಾ ಹೋಗುತ್ತವೆ. ಭಾರತದಿಂದ ಆಗ್ನೇಯ ಏಷ್ಯಾ ದಾಟಿ ಪೆಸಿಫಿಕ್ ದ್ವೀಪಗಳವರೆಗೆ ಇದರ ಸೀಮೆ. 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದು ಆ ದ್ವೀಪದ ಹಸಿರೆಲ್ಲ ಬೂದಿಯಡಿ ಹೂತುಹೋಯಿತಲ್ಲ, ಹದಿನೈದು ವರ್ಷ ತುಂಬುವ ಮೊದಲೇ ಅಲ್ಲಿ ಮತ್ತೆ ಕಾಣಿಸಿಕೊಂಡ ಗಿಡಗಳಲ್ಲಿ ಇದೂ ಒಂದು. ಅಷ್ಟು ಗಟ್ಟಿ ಜೀವ.

ಅಷ್ಟು ಗಟ್ಟಿಯಾದರೆ ಇದರ ಸಸಿಯನ್ನು ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸುವುದು ಏಕೆ ಎಂದು ನೀವು ಕೇಳಬಹುದು. ಇದರ ಬೀಜ ಧೂಳಿನಂತೆ. ಗಾಳಿಯಲ್ಲಿ ಸಮುದ್ರವನ್ನೇ ದಾಟುತ್ತದೆ. ಆದರೆ ತೆಂಗಿನಕಾಯಿಯೊಳಗೆ ಮೊಳಕೆಗೆಂದು ಬುತ್ತಿ ಇರುತ್ತದಲ್ಲ, ಅಂಥ ಬುತ್ತಿ ಈ ಬೀಜಕ್ಕಿಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರ ಒಳಹೊಕ್ಕು ಉಣಿಸಬೇಕು. ಆರ್ಕಿಡ್‌ಗೂ ಶಿಲೀಂಧ್ರಕ್ಕೂ ಇರುವ ಈ ನಂಟನ್ನು 1899ರಲ್ಲಿ ಗುರುತಿಸಿದವರು ಫ್ರಾನ್ಸಿನ ನೋಯೆಲ್ ಬರ್ನಾರ್. ಶಿಲೀಂಧ್ರ ಬೇಡ, ಸಕ್ಕರೆ ಕೊಟ್ಟರೂ ಮೊಳೆಯುತ್ತದೆ ಎಂದು 1922ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಲೂಯಿಸ್ ನಡ್ಸನ್. ಇಂದು ಬಾಟಲಿಯಲ್ಲಿ ಬರುವ ಸಸಿಗಳು ನಿಂತಿರುವುದು ಆ ಸಕ್ಕರೆ ಬೆರೆತ ಅಗರ್ ಮೇಲೆ. ಅಗರ್ ಎಂದರೆ ಗಾಬರಿ ಬೇಡ. ಹಬ್ಬಕ್ಕೆ ಹಾಲಿನಲ್ಲಿ ಕುದಿಸಿ ಗಟ್ಟಿ ಮಾಡುವ ಚೈನಾ ಗ್ರಾಸ್ ಇದೆಯಲ್ಲ, ಅದೇ.

ಈಗ ಮುಖ್ಯ ಮಾತು. ಬಾಟಲಿಯಿಂದ ಹೊರಬಂದ ಸಸಿಯ ಎಲೆಗೆ ತೇವ ಬೇಕು, ಬೇರಿಗೆ ಗಾಳಿ ಬೇಕು. ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. ಬಾಟಲಿಯೊಳಗೆ ಹಬೆಯಲ್ಲೇ ಬೆಳೆದ ಎಲೆಗೆ ಮೇಣದ ಹೊದಿಕೆ ಸರಿಯಾಗಿ ಮೂಡಿರುವುದಿಲ್ಲ. ಹೊರಗಿನ ಗಾಳಿಗೆ ಒಂದೇ ಮಧ್ಯಾಹ್ನದಲ್ಲಿ ಬಾಡುತ್ತದೆ. ಬಾಡಿತೆಂದು ನಾವು ಬುಡಕ್ಕೆ ನೀರು ಸುರಿಯುತ್ತೇವೆ. ಬೇರು ಉಸಿರುಗಟ್ಟಿ ಕೊಳೆಯುತ್ತದೆ.

ಬ್ರಹ್ಮಾವರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಆಟಿ ತಿಂಗಳಲ್ಲಿ ಒಂದು ಬಾಟಲಿ ತಂದರು. ಒಳಗೆ 25 ಸಸಿಗಳು. ಮಣ್ಣು, ಹಟ್ಟಿಗೊಬ್ಬರ ಬೆರೆಸಿ ಕುಂಡದಲ್ಲಿ ನೆಟ್ಟು, ಹೊರಗೆ ಮಳೆ ಹೊಯ್ಯುತ್ತಿದ್ದರೂ ಎರಡು ಹೊತ್ತು ನೀರು ಕೊಟ್ಟರು. ಹತ್ತೇ ದಿನದಲ್ಲಿ ಉಳಿದದ್ದು ಮೂರು. ಆ ಮೂರನ್ನು ಬುತ್ತಿ ಡಬ್ಬಿಯಲ್ಲಿಟ್ಟುಕೊಂಡು ನನ್ನ ಬಳಿ ಬಂದರು. ಮಸೂರದಲ್ಲಿ ನೋಡಿದೆವು. ಬೇರಿನ ಸಂದಿಯಲ್ಲಿ ಅಗರ್ ತುಣುಕು ಇನ್ನೂ ಅಂಟಿಕೊಂಡಿತ್ತು, ಅದರ ಮೇಲೆ ಹತ್ತಿಯಂಥ ಬೂಸ್ಟು. ಬುಡ ಕಂದಿ ಹುಳಿ ವಾಸನೆ ಬರುತ್ತಿತ್ತು. ಅವರ ಕಣ್ಣಲ್ಲಿ ನೀರು.

ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ ಇನ್ನೊಂದು ಬಾಟಲಿ ತಂದರು. ಈ ಸಲ ಬಾವಿಕಟ್ಟೆಯ ಬಳಿ ಕುಳಿತು, ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದೇ ಸಸಿಯನ್ನು ತೇಲಿಸಿ, ಮೊಮ್ಮಗಳ ಚಿತ್ರದ ಕುಂಚದಿಂದ ಬೇರು ತೊಳೆದರು. ಶ್ಯಾವಿಗೆಯಂಥ ಬಿಳಿ ಬೇರು. ಬೆರಳಿಗೆ ಜಾರುವ ಅಂಟು ಪೂರ್ತಿ ಹೋಗುವವರೆಗೆ ಮೂರು ಸಲ ನೀರು ಬದಲಿಸಿದರು. ನೆನೆಸಿ ಹಿಂಡಿದ ತೆಂಗಿನ ಸಿಪ್ಪೆಯ ಚೂರು, ಬಚ್ಚಲ ಒಲೆಯ ಇದ್ದಿಲು, ಕಡಲೆ ಗಾತ್ರದ ಮುರಕಲ್ಲಿನ ಹರಳು, ಇಷ್ಟೇ ಹಾಸು. ಬೇಕರಿಯ ಪಾರದರ್ಶಕ ಕೇಕ್ ಡಬ್ಬಿಯ ಅಡಿಗೆ ತೂತು ಕೊರೆದು, ಸಸಿ ನೆಟ್ಟು, ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಜಗಲಿಯಲ್ಲಿ ಇಟ್ಟರು. ಮೊದಲ ವಾರ ಬುಡಕ್ಕೆ ಒಂದು ಹನಿಯನ್ನೂ ಕೊಡಲಿಲ್ಲ. ಮುಚ್ಚಳದ ಒಳಗೆ ಕಟ್ಟಿದ ಹನಿಯೇ ಸಾಕಾಯಿತು. ಎರಡನೆಯ ವಾರ ಬೆರಳಗಲ ತೆರೆದರು, ಆಮೇಲೆ ಅಂಗೈಯಗಲ. ಬಾಣಂತನದ ಲೆಕ್ಕ ನಮಗೆ ಗೊತ್ತೇ ಇದೆ. ನಲವತ್ತು ದಿನ ಕಳೆದು ಮುಚ್ಚಳ ತೆಗೆದಾಗ 22 ಸಸಿಗಳು ನೆಟ್ಟಗೆ ನಿಂತಿದ್ದವು. ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಆರು ಗಂಟೆಗೇ ಅವರ ಫೋನು ಬಂತು: ಹೂ ಬಿಟ್ಟಿದೆ! ನಾನು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಸಮಯ ಹೆಚ್ಚು ಉಳಿದಿಲ್ಲ. ಗೊಬ್ಬರ ಯಾವುದು? ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ನನಗೆ ಕೊಂಚ ಬೇಸರವನ್ನೂ ತರುತ್ತದೆ. ಬೇರು ಉಸಿರಾಡದಿದ್ದರೆ ಯಾವ ಗೊಬ್ಬರವೂ ಬೇಡ. ಹೊಸ ಎಲೆ ಬಂದ ಮೇಲೆ ದ್ರವ ಗೊಬ್ಬರವನ್ನು ಅದರ ಚೀಟಿಯಲ್ಲಿ ಹೇಳಿದ್ದಕ್ಕಿಂತ ನಾಲ್ಕು ಪಟ್ಟು ತೆಳುವಾಗಿಸಿ, ಹದಿನೈದು ದಿನಕ್ಕೊಮ್ಮೆ ಕೊಡಿ, ಸಾಕು.

ಸಸಿ ಗೇಣುದ್ದವಾದ ಮೇಲೆ ನೆಲಕ್ಕೆ ಇಳಿಸಿ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಗುಂಡಿ ತೋಡಿ ನೆಡಬೇಡಿ, ದಿಬ್ಬ ಎಬ್ಬಿಸಿ ನೆಡಿ. ಅಲ್ಲಿಯೂ ಬೇರಿಗೆ ಗಾಳಿ ಬೇಕು. ಬೆಳಗಿನ ಬಿಸಿಲು ಬೀಳಲಿ, ಬೇಸಿಗೆಯಲ್ಲಿ ನೀರು ತಪ್ಪದಿರಲಿ. ಮಳೆಗಾಲದ ರಾತ್ರಿ ಟಾರ್ಚು ಹಿಡಿದು ಒಂದು ಸುತ್ತು ಹೋಗಿ ಬನ್ನಿ, ಬಸವನಹುಳು ಎಳೆಯ ಮೊಗ್ಗನ್ನೇ ಹುಡುಕಿಕೊಂಡು ಬರುತ್ತದೆ. ನಮಸ್ಕಾರ.