ಹಾಡು ಕೇಳಿ ಹೊರಟ ಜನ

ಕೇಳುಗರಿಗೆ ನಮಸ್ಕಾರ.

ಜಪಾನಿನ ಹಾಡುಗಳ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅನಿಮೆ ಹಾಡಾ ಸಾರ್?" ಅಲ್ಲ. ಅನಿಮೆ ಹಾಡು ಬೇಕಾದರೆ ನಿಮ್ಮ ಮನೆಯ ಮಕ್ಕಳನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಇವತ್ತು ಹೇಳುವುದು ಜಾಗದ ಹಾಡುಗಳ ವಿಷಯ. ಒಂದು ಕಣಿವೆ, ಒಂದು ಭೂಶಿರ, ಒಂದು ಜಲಸಂಧಿ, ಹೀಗೆ ಹೆಸರು ಹಿಡಿದು ಕರೆಯುವ ಹಾಡುಗಳು. ಜಪಾನಿನಲ್ಲಿ ಇಂಥವು ರಾಶಿ ರಾಶಿ ಇವೆ.

ನಾನು ಹೇಳಬೇಕಾದದ್ದು ಒಂದೇ ಮಾತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಹಾಡು ಜನರ ಬಾಯಿಗೆ ಬಿದ್ದ ಮೇಲೆ ಆ ಜಾಗ ಮೊದಲಿನ ಹಾಗೆ ಇರುವುದಿಲ್ಲ.

ಓಝೆ ಅಂತ ಒಂದು ಜಾಗ. ಟೋಕಿಯೋದಿಂದ ಉತ್ತರಕ್ಕೆ, ಗುನ್ಮಾ, ಫುಕುಶಿಮಾ, ನೀಗಾತಾ ಈ ಮೂರು ಪ್ರಾಂತ್ಯಗಳು ಸೇರುವ ಕಡೆ ಇದೆ. ಸುತ್ತ ಬೆಟ್ಟ, ನಡುವೆ ಸುಮಾರು 1400 ಮೀಟರ್ ಎತ್ತರದಲ್ಲಿ ಒಂದು ದೊಡ್ಡ ಜೌಗು ಬಯಲು. ಒಂದು ಕಾಲಕ್ಕೆ ಬೆಟ್ಟ ಹತ್ತುವವರು, ಗಿಡಮರ ಓದುವವರು ಬಿಟ್ಟರೆ ಹೆಚ್ಚು ಜನಕ್ಕೆ ಅದರ ಪರಿಚಯ ಇರಲಿಲ್ಲ.

1949. ಯುದ್ಧ ಸೋತು ನಾಲ್ಕು ವರ್ಷ. ಊರುಗಳು ಸುಟ್ಟು ಹೋಗಿದ್ದವು, ಹೊಟ್ಟೆಗೆ ಸರಿಯಾಗಿ ಇರಲಿಲ್ಲ. ಅಲ್ಲಿನ ಬಾನುಲಿ, ಅಂದರೆ ಎನ್‌ಎಚ್‌ಕೆ, ರೇಡಿಯೋಗೆ ಅಂತಲೇ ಹೊಸ ಹಾಡು ಬರೆಸಿ ಪ್ರಸಾರ ಮಾಡುತ್ತಿತ್ತು. ಬಳಲಿದ ಜನಕ್ಕೆ ಸ್ವಲ್ಪ ಉಸಿರು ಬರುವಂಥ ಹಾಡು ಬೇಕು ಅಂತ ಕವಿ ಎಮಾ ಶೋಕೋ ಅವರನ್ನು ಕೇಳಿದರು. ಆಕೆ ಯುದ್ಧದ ದಿನಗಳಲ್ಲಿ ಓಝೆ ನೋಡಿದ್ದರು. ಬಯಲು ತುಂಬ ಬಿಳಿ ಹೂ. ಅದನ್ನೇ ಬರೆದರು. ನಕಾದಾ ಯೋಶಿನಾವೋ ರಾಗ ಹಾಕಿದರು. ಅವರು ಆಗ ಓಝೆ ನೋಡಿರಲೇ ಇಲ್ಲ, ಅಲ್ಲಿಗೆ ಹೋದದ್ದು ಎಷ್ಟೋ ವರ್ಷ ಆದಮೇಲೆ! ಹಾಡಿನ ಹೆಸರು 'ನಾತ್ಸು ನೋ ಓಮೋಯಿದೆ', ಬೇಸಿಗೆಯ ನೆನಪು. ಆ ವರ್ಷದ ಜೂನ್‌ನಲ್ಲಿ ಇಶೀ ಯೋಶಿಕೋ ಅವರ ದನಿಯಲ್ಲಿ ಪ್ರಸಾರವಾಯಿತು. ಆಮೇಲೆ ಶಾಲೆಯ ಪಠ್ಯಕ್ಕೂ ಬಂತು. ಇವತ್ತು ಇದನ್ನು ಗುನುಗದ ಜಪಾನೀಯರು ಸಿಗುವುದು ಕಷ್ಟ.

ಆ ಬಿಳಿ ಹೂವಿನ ಬಗ್ಗೆ ಒಂದು ಮಾತು. ಅದರ ಹೆಸರು ಮಿಝುಬಾಶೋ. ನಮ್ಮ ಮಲೆನಾಡಿನವರಿಗೆ ಸುಲಭವಾಗಿ ಹೇಳಬೇಕೆಂದರೆ ಕೆಸುವಿನ ಬಳಗದ್ದು. ಹಿಮ ಕರಗಿದ ನೀರಿನಲ್ಲಿ ಏಳುತ್ತದೆ. ಬಿಳಿಯಾಗಿ ಕಾಣುವುದು ನಿಜವಾಗಿ ಹೂವಲ್ಲ, ಒಂದು ಎಲೆ. ಅದು ಅರ್ಧ ಸುತ್ತಿಕೊಂಡು ನಿಂತಿರುತ್ತದೆ. ಅದರ ಮಧ್ಯೆ ಹಳದಿ ಕಡ್ಡಿಯೊಂದಿದೆಯಲ್ಲ, ಅದರ ಮೈಮೇಲೆ ಅಂಟಿಕೊಂಡಿರುವ ಸಣ್ಣ ಸಣ್ಣ ಚುಕ್ಕಿಗಳೇ ಹೂಗಳು. ಇದು ಬಿಡುವುದು ಮೇ ಕೊನೆಯಿಂದ ಜೂನ್‌ವರೆಗೆ. ಹಾಡಿನಲ್ಲಿ ಬೇಸಿಗೆ ಅಂತ ಇದೆಯಲ್ಲ ಅಂತ ಆಗಸ್ಟ್ ರಜೆಯಲ್ಲಿ ಹೋದವರಿಗೆ ಸಿಗುವುದು ಮೊಳದುದ್ದದ ಹಸಿರು ಎಲೆ ಮಾತ್ರ. ಹೈಕು ಬರೆಯುವವರ ಲೆಕ್ಕದಲ್ಲಿ ಮಿಝುಬಾಶೋ ಬೇಸಿಗೆಯ ಹೂವೇ, ಎಮಾ ಅವರು ಅದನ್ನೇ ಹಿಡಿದಿದ್ದರು. ಬೈಸಿಕೊಂಡರು ಪಾಪ.

ಸರಿ, ಹಾಡು ಬಂತು. ಜನ ಹೊರಟರು. ಬೂಟು ಹಾಕಿಕೊಂಡು ಜೌಗಿನ ಮೇಲೇ ನಡೆದರು. ಜೌಗು ಅಂದರೆ ಏನು ಗೊತ್ತಾ? ಸತ್ತ ಹುಲ್ಲು, ಪಾಚಿ ಚಳಿಯಲ್ಲಿ ಕೊಳೆಯದೆ ಪದರ ಪದರವಾಗಿ ಕೂತದ್ದು. ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಏರುವುದಿಲ್ಲ. ಸಾವಿರಾರು ವರ್ಷ ಕೂತದ್ದನ್ನು ಒಂದು ಭಾನುವಾರ ಬಂದವರು ತುಳಿದು ಕೆಸರು ಮಾಡುತ್ತಾರೆ. ಅಯಾಮೆದೈರಾ ಅನ್ನುವ ಕಡೆ ಹೀಗೇ ಆಯಿತು. 1960ರ ದಶಕದಲ್ಲಿ ಅಲ್ಲಿ ದುರಸ್ತಿ ಕೆಲಸ ಶುರುವಾಯಿತು, ಆ ಗಾಯ ಇನ್ನೂ ಪೂರ್ತಿ ಮಾಗಿಲ್ಲ.

ಅದಕ್ಕೇ ಮರದ ಹಲಗೆ ದಾರಿ ಹಾಕಿದರು. ಹೋಗುವವರಿಗೊಂದು ಸಾಲು, ಬರುವವರಿಗೊಂದು ಸಾಲು. ಎಲ್ಲಾ ಸೇರಿ ಸುಮಾರು 65 ಕಿಲೋಮೀಟರ್! ನೀರಿನಲ್ಲೇ ಇರುವ ಮರ, ಹತ್ತು ವರ್ಷಕ್ಕೆ ಬದಲಾಯಿಸಬೇಕು. ಕೆಲವು ಹಲಗೆಗಳ ಮೇಲೆ ಸಣ್ಣ ಮುದ್ರೆ ಸುಟ್ಟಿರುತ್ತದೆ. ಬಗ್ಗಿ ನೋಡಿದರೆ ಅದು ಟೋಕಿಯೋದ ವಿದ್ಯುತ್ ಕಂಪನಿಯ ಗುರುತು. ಇದೇನು ಕಥೆ ಅಂದರೆ, ಓಝೆಗೆ ಅಣೆಕಟ್ಟು ಕಟ್ಟಿ ಇಡೀ ಬಯಲನ್ನು ಮುಳುಗಿಸುವ ಯೋಜನೆ ಇತ್ತು. ಅದಕ್ಕೆ ಕೊಂಡ ಜಮೀನು ಕೈ ಬದಲಾಗಿ ಆ ಕಂಪನಿಗೆ ಬಂತು. ಜನ ಬಿಡಲಿಲ್ಲ. ಹಾಡು ಬಂದ ಅದೇ 1949ರಲ್ಲಿ ಓಝೆ ಉಳಿಸಿ ಅಂತ ಒಂದು ಕೂಟ ಕಟ್ಟಿದರು. ಅದೇ ಮುಂದೆ ಜಪಾನಿನ ನಿಸರ್ಗ ರಕ್ಷಣಾ ಸಂಘವಾಯಿತು. ಕಂಪನಿ ನೀರಿನ ಹಕ್ಕು ಬಿಟ್ಟುಕೊಟ್ಟದ್ದು 1996ರಲ್ಲಿ. ಮುಳುಗಿಸಲು ಬಂದವರ ಪಾಲಿಗೆ ಹಲಗೆ ಹಾಕುವ ಕೆಲಸ ಬಂತು. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಕಾರು ರಸ್ತೆಯೂ ಬರುವುದರಲ್ಲಿತ್ತು. ಅಲ್ಲಿ ತಲೆಮಾರುಗಳಿಂದ ಬೆಟ್ಟ ಹತ್ತುವವರಿಗೆ ತಂಗುಮನೆ ನಡೆಸುತ್ತಿದ್ದ ಹಿರಾನೋ ಮನೆತನದ ಚೋಸೇ ಎಂಬ ಯುವಕ 1971ರಲ್ಲಿ ನೇರ ಪರಿಸರ ಇಲಾಖೆಯ ಮುಖ್ಯಸ್ಥ ಓಯಿಶಿ ಬುಯಿಚಿ ಅವರ ಹತ್ತಿರ ಹೋದ. ಓಯಿಶಿ ಸುಮ್ನೆ ಕಡತ ನೋಡಿ ಕೂರಲಿಲ್ಲ, ಓಝೆಗೆ ಬಂದು ನಡೆದು ನೋಡಿದರು. ರಸ್ತೆ ನಿಂತಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಚೋಸೇ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ. ಮರುವರ್ಷ ಓಝೆಯಲ್ಲಿ ಕಸದ ತೊಟ್ಟಿಗಳನ್ನೇ ತೆಗೆಯಲು ಶುರುಮಾಡಿದರು. ನಿಮ್ಮ ಕಸ ನಿಮ್ಮ ಮನೆಗೆ. ಮುಗಿಯಿತು. 1996ರಲ್ಲಿ ಅಲ್ಲಿಗೆ ಬಂದವರು 6 ಲಕ್ಷಕ್ಕೂ ಜಾಸ್ತಿ. 2007ರಲ್ಲಿ ಓಝೆಗೆ ಅಂತಲೇ ಬೇರೆ ರಾಷ್ಟ್ರೀಯ ಉದ್ಯಾನ ಆಯಿತು. ಹಾಡು ಬಾಯಿಗೆ ಬಿದ್ದ ಮೇಲೆ ಜಾಗ ಮೊದಲಿನ ಹಾಗೆ ಇರುವುದಿಲ್ಲ ಅಂದೆನಲ್ಲ, ಇದನ್ನೇ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಎರಡನೆಯದು ತ್ಸುಗಾರು ಜಲಸಂಧಿಯ ಹಾಡು. ಜಪಾನಿನ ಮುಖ್ಯ ದ್ವೀಪಕ್ಕೂ ಉತ್ತರದ ಹೊಕ್ಕೈಡೋ ದ್ವೀಪಕ್ಕೂ ನಡುವಿನ ಸಮುದ್ರ ಅದು. ಹಾಡು 1977ರ ಮೊದಲ ದಿನ ಬಂತು. ಹಾಡಿದ ಇಶಿಕಾವಾ ಸಾಯುರಿಗೆ ಆಗಿನ್ನೂ 18 ವರ್ಷ. ಟೋಕಿಯೋದಿಂದ ರಾತ್ರಿ ರೈಲಿನಲ್ಲಿ ಬಂದು, ಹಿಮ ಬೀಳುವ ಆವೊಮೊರಿಯಲ್ಲಿ ಇಳಿದು, ಒಬ್ಬಳೇ ಹಡಗು ಹತ್ತುವ ಹೆಂಗಸಿನ ಪಾಡು. ಆ ಹಡಗುಗಳು ಈಗಿಲ್ಲ. 1988ರಲ್ಲಿ ಸಮುದ್ರದ ಅಡಿಯ ಸುರಂಗದಲ್ಲಿ ರೈಲು ಓಡತೊಡಗಿತು, ಹಡಗು ನಿಂತಿತು. ಆದರೂ ಆ ಜಲಸಂಧಿಯ ದಡದ ತಾಪ್ಪಿ ಭೂಶಿರದ ತುದಿಯಲ್ಲಿ ಹಾಡಿನ ನೆನಪಿಗೆ ನೆಟ್ಟ ಕಲ್ಲು ಇದೆ. ಗುಂಡಿ ಒತ್ತಿದರೆ ಹಾಡು ಬರುತ್ತದೆ, ಅದೂ ಎರಡನೆಯ ಚರಣದಿಂದ. ಯಾಕೆ? ತಾಪ್ಪಿಯ ಹೆಸರು ಬರುವುದು ಅಲ್ಲೇ! ಊರಿನವರು ಜಾಣರು, ಅಲ್ವಾ?

ಇದೇ ಸಾಯುರಿ ಅವರ 1986ರ 'ಅಮಾಗಿ ಗೋಯೆ' ಇಝು ಪರ್ಯಾಯದ್ವೀಪದ ಕಣಿವೆ, ಜಲಪಾತಗಳ ಹಾಡು. ಅದಕ್ಕೆ ಈಗ ಹೊತ್ತಿಲ್ಲ, ನೀವೇ ಹುಡುಕಿ ಕೇಳಿ. ಕೇಳುವಾಗ ಪಕ್ಕದಲ್ಲಿ ನಕ್ಷೆ ಇಟ್ಟುಕೊಳ್ಳಿ. ಬರೀ ರಾಗ ಕೇಳಿ ಬಿಡಬೇಡಿ, ದಯವಿಟ್ಟು.

ಕೊನೆಯದು ಹೊಕ್ಕೈಡೋದ ಎರಿಮೋ ಭೂಶಿರ. 1974ರಲ್ಲಿ ಮೋರಿ ಶಿನಿಚಿ ಹಾಡಿದರು, ಆ ವರ್ಷದ ರೆಕಾರ್ಡ್ ಪ್ರಶಸ್ತಿಯೂ ಬಂತು. ಆದರೆ ಹಾಡಿನಲ್ಲಿ ಎರಿಮೋದ ವಸಂತದಲ್ಲಿ ಏನೂ ಇಲ್ಲ ಅನ್ನುವ ಮಾತಿದೆ. ಊರಿನವರಿಗೆ ಸಿಟ್ಟು ಬಂತು. ಬರದೆ ಇರುತ್ತದಾ? ಮರ ಕಡಿದು ಬೋಳಾಗಿದ್ದ ಆ ನೆಲದಲ್ಲಿ 1953ರಿಂದ ಹುಲ್ಲು ಹಾಕಿ, ಮರ ನೆಟ್ಟು, ಮರಳು ಹಾರದಂತೆ, ಸಮುದ್ರ ಕೆಡದಂತೆ ಒದ್ದಾಡಿದವರು ಅವರು. ಆಮೇಲೆ ಆ ಹಾಡು ಕೇಳಿದವರೆಲ್ಲ "ಏನೂ ಇಲ್ಲದ" ಎರಿಮೋ ನೋಡಬೇಕು ಅಂತ ಬರತೊಡಗಿದರು. ಅದೇ ಊರಿನವರು ಮೋರಿ ಅವರಿಗೆ ಕೃತಜ್ಞತಾ ಪತ್ರ ಕೊಟ್ಟರು. ಈಗ ಆ ಹಾಡಿನ ಕಲ್ಲೂ ಭೂಶಿರದ ಮೇಲಿದೆ.

ಹೊತ್ತಾಯಿತು. ನಮಸ್ಕಾರ.