ಚಿತ್ರ ಕೀಳಬೇಡಿ, ಹಾಳೆ ಕೀಳಿ

ಕೇಳುಗರಿಗೆ ನಮಸ್ಕಾರ. ನಿಮ್ಮ ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಒಂದು ಹಳೇ ನೋಟ್‌ಪುಸ್ತಕ ಇರಬಹುದು. ತಾತನೋ ದೊಡ್ಡಪ್ಪನೋ ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ ಅಂಟಿಸಿದ ಪುಸ್ತಕ. ಹಾಳೆ ಕಂದಾಗಿದೆ, ಮುಟ್ಟಿದರೆ ಪುಡಿಯಾಗುತ್ತದೆ. ಚಿತ್ರವನ್ನಾದರೂ ಉಳಿಸಿಕೊಳ್ಳೋಣ ಅಂತ ನಿಮಗೆ ಆಸೆ. ನಾನು ಹೇಳುವುದು ಒಂದೇ ಮಾತು. ಹಾಳೆಯಿಂದ ಚಿತ್ರ ಕೀಳಬೇಡಿ, ಚಿತ್ರದಿಂದ ಹಾಳೆ ಕೀಳಿ.

ಎರಡೂ ಒಂದೇ ಅಲ್ವಾ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಕಾಲೇಜಿನ ದಿನಗಳು. ತಾತನ ಪುಸ್ತಕ ಕೈಗೆ ಸಿಕ್ಕಿತು. 1923ರಲ್ಲಿ ಬೆಂಕಿಪೊಟ್ಟಣ ತಯಾರಿಸುವ ವಿಮ್ಕೊ ಕಂಪನಿ ಇಲ್ಲಿ ಶುರುವಾಗುವ ಮೊದಲು ನಮ್ಮಲ್ಲಿಗೆ ಬೆಂಕಿಪೊಟ್ಟಣ ಹೆಚ್ಚಾಗಿ ಸ್ವೀಡನ್, ಜಪಾನಿನಿಂದ ಬರುತ್ತಿತ್ತು. ಅಲ್ಲೇ ಅಚ್ಚಾದರೂ ಚಿತ್ರ ಮಾತ್ರ ನಮ್ಮ ದೇವರು, ನಮ್ಮ ಆನೆ, ಹುಲಿ! ಪುಸ್ತಕದಲ್ಲಿ ಜಪಾನಿನ ಕೆಂಪು ಆನೆ ಒಂದಿತ್ತು. ನಾನು ಜಾಣ, ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆ. ತುದಿ ಎದ್ದಿತು. ಉಗುರು ಹಾಕಿ ಎಳೆದೆ. ಆನೆ ಬಂತು, ಸೊಂಡಿಲು ಹಾಳೆಯಲ್ಲೇ ಉಳಿಯಿತು. ಕೆಂಪು ಬಣ್ಣ ಬೆರಳಿಗೆಲ್ಲ ಮೆತ್ತಿತು.

ಒಲೆ ಮುಂದೆ ಅಜ್ಜಿ ಹೋಳಿಗೆ ತಟ್ಟುತ್ತಿದ್ದರು. ನನ್ನ ಮುಖ ನೋಡಿ ಅಂದರು: "ಅಲ್ವೋ, ಬಾಳೆಲೆ ಮೇಲಿಂದ ಹೋಳಿಗೆ ಎತ್ತುತ್ತಾರೇನೋ ಯಾರಾದ್ರೂ? ಕವುಚಿ ಹಾಕಿ ಎಲೆ ಸುಲೀತಾರೆ."

ಅಷ್ಟೇ ವಿಷಯ! ಎಳೆದಾಗ ಬಾಗುವುದು ಯಾವುದೋ ಹರಿಯುವುದೂ ಅದೇ. ಬಾಗುವ ಕಷ್ಟ ಹಾಳೆಗಿರಲಿ, ಚಿತ್ರ ಸಪಾಟಾಗಿ ಮಲಗಿರಲಿ.

ಮೊದಲು ಇಡೀ ಪುಟದ ಫೋಟೊ ತೆಗೆದುಕೊಳ್ಳಿ. ಒದ್ದೆ ಹತ್ತಿಯನ್ನು ಚಿತ್ರದ ಮೂಲೆಗೆ ಒತ್ತಿ ನೋಡಿ. ಹತ್ತಿಗೆ ಬಣ್ಣ ಹತ್ತಿತೋ, ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಆ ತುಂಡು ಹಾಳೆಯನ್ನು ಕತ್ತರಿಸಿ, ಬ್ಲಾಟಿಂಗ್ ಪೇಪರ್ ಮೇಲೆ ಕವುಚಿ ಇಡಿ. ಬೆನ್ನಿಗೆ ನೀರು ಸವರಿ ಕಾಯಿರಿ. ಸುಮ್ನೆ ಕಾಯಿರಿ, ಅವಸರ ಬೇಡ. ಮೈದಾ ಅಂಟು, ಗೋಂದು ತಾವಾಗಿಯೇ ಮೆತ್ತಗಾಗುತ್ತವೆ. ಆಮೇಲೆ ಹಾಳೆಯನ್ನು ಸುರುಳಿ ಸುತ್ತುವ ಹಾಗೆ, ಹೋಳಿಗೆಯ ಎಲೆ ಸುಲಿದ ಹಾಗೆ ಬಿಡಿಸಿ. ಹೇರ್ ಡ್ರೈಯರ್ ಹಿಡಿಯುತ್ತೇನೆ ಅನ್ನುವವರಿದ್ದಾರೆ. ದಯವಿಟ್ಟು ಬೇಡ, ಬಿಸಿಗಾಳಿಗೆ ಮೈದಾ ಅಂಟು ಇನ್ನೂ ಗಟ್ಟಿಯಾಗುತ್ತದೆ.

ಹಾಳೆಯ ಎರಡೂ ಕಡೆ ಚಿತ್ರ ಇದ್ದರೆ? ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜಿಟ್ಟು, ಅದಕ್ಕೆ ತಾಗದಂತೆ ಜಾಲರಿ ಮೇಲೆ ಹಾಳೆ ಇಟ್ಟು ಮುಚ್ಚಿ. ತೇವಕ್ಕೇ ಅಂಟು ಮೆತ್ತಗಾಗುತ್ತದೆ. ಒಂದು ರಾತ್ರಿ ಸಾಕು, ಜಾಸ್ತಿ ಬಿಟ್ಟರೆ ಬೂಷ್ಟು.

ಸಮಯ ಆಯಿತು ಅಂತ ಇಲ್ಲಿ ಕೈ ತೋರಿಸುತ್ತಿದ್ದಾರೆ. ಫೆವಿಕಾಲ್ ಹಾಕಿದ್ದರೆ ಹಾಳೆ ಸಮೇತ ಕತ್ತರಿಸಿ ಇಟ್ಟುಕೊಳ್ಳಿ. ಅದು ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಬಿಡಿಸಿದ್ದನ್ನು ಎರಡು ಬ್ಲಾಟಿಂಗ್ ಪೇಪರ್ ನಡುವೆ, ದಪ್ಪ ಪುಸ್ತಕದ ಕೆಳಗೆ ಒಣಗಿಸಿ. ಬಿಸಿಲಿಗಲ್ಲ. ನಮಸ್ಕಾರ.