ಹಾಸನದ ಶೆಡ್‌ನಲ್ಲಿ ವಿಮಾನ: ಡೈನಮೋನಾ, ಆಲ್ಟರ್ನೇಟರಾ?

ನಮಸ್ಕಾರ. ಇದು ಹಾಸನದ ಹೊರಗಿರುವ ನಮ್ಮ ಶೆಡ್. ಸ್ಟ್ಯಾಂಡ್ ಮೇಲೆ ಕೂತಿರುವುದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್. ನಾವು ಕಟ್ಟುತ್ತಿರುವ ವಿಮಾನಕ್ಕೆ ಇದೇ. ಹಾರಾಟದ ಮಾತೆಲ್ಲ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಅನುಮತಿ ಸಿಕ್ಕ ಮೇಲೆ. ಸದ್ಯಕ್ಕೆ ನೆಲದ ಮೇಲೆ ಓಡಿಸಿ ನೋಡುತ್ತಿದ್ದೇವೆ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡೋಕೆ ಡೈನಮೋ ಹಾಕೋದಾ, ಆಲ್ಟರ್ನೇಟರ್ ಹಾಕೋದಾ? ಇವತ್ತು ಅದರ ಬಗ್ಗೆ ಮಾತಾಡೋಣ.

ಸೆಸ್ನಾದಂಥ ಸಣ್ಣ ವಿಮಾನಗಳ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಮ್ಯಾಗ್ನೆಟೋ ಇರುತ್ತೆ. ಕಿಡಿಗೆ ಬೇಕಾದ ಕರೆಂಟನ್ನು ಅದೇ ಹುಟ್ಟಿಸುತ್ತೆ. ಬ್ಯಾಟರಿ ಪೂರ್ತಿ ಇಳಿದರೂ ಎಂಜಿನ್ ನಿಲ್ಲಲ್ಲ. ನಮ್ಮದು ಹಾಗಲ್ಲ. ಕಿಡಿ ಕೊಡುವ ಇಗ್ನಿಷನ್ ಎಲೆಕ್ಟ್ರಾನಿಕ್, ಪೆಟ್ರೋಲ್ ಎತ್ತುವ ಪಂಪ್ ಎಲೆಕ್ಟ್ರಿಕ್. ಕರೆಂಟ್ ಹೋದರೆ ಎಂಜಿನ್ನೂ ಹೋಯ್ತು. ಇಲ್ಲಿಂದ ಸಕಲೇಶಪುರದ ಕಡೆ ಹೋದರೆ ಕೆಳಗೆಲ್ಲ ಕಾಫಿ ತೋಟ, ಸಿಲ್ವರ್ ಓಕ್, ಅದರಾಚೆ ಘಾಟಿ. ಇಳಿಸೋಕೆ ಜಾಗ ಎಲ್ಲಿದೆ ಹೇಳಿ? ಅದಕ್ಕೇ ನಾನು ಎಷ್ಟು ಆಂಪಿಯರ್ ಬರುತ್ತೆ ಅಂತ ಮೊದಲು ಕೇಳಲ್ಲ. ಕೆಟ್ಟರೆ ಹೇಗೆ ಕೆಡುತ್ತೆ ಅಂತ ಕೇಳುತ್ತೇನೆ.

ನಮ್ಮ ಆಟೋ ಎಲೆಕ್ಟ್ರಿಷಿಯನ್ ಅಣ್ಣ, "ಕಾರಿನ ಆಲ್ಟರ್ನೇಟರ್ ಹಾಕ್ಬಿಡಿ ಸಾರ್, ಸ್ಲೋನಲ್ಲೂ ಚಾರ್ಜ್ ಆಗುತ್ತೆ, ಎಲ್ಲಿ ಬೇಕಾದ್ರೂ ಸಿಗುತ್ತೆ" ಅಂದರು. ಅವರು ಹೇಳಿದ್ದು ಸರಿಯೇ. ಆಲ್ಟರ್ನೇಟರ್‌ನಲ್ಲಿ ಕರೆಂಟ್ ಕೊಟ್ಟಾಗ ಮ್ಯಾಗ್ನೆಟ್ ಆಗುವ ಫೀಲ್ಡ್ ಕಾಯಿಲ್‌ಗೆ ರೆಗ್ಯುಲೇಟರ್ ಬೇಕಾದಷ್ಟೇ ಕರೆಂಟ್ ಬಿಟ್ಟು, 14 ವೋಲ್ಟ್ ಆಸುಪಾಸಿನಲ್ಲಿ ಹಿಡಿದಿಡುತ್ತೆ. ಆದರೆ ಆ ರೆಗ್ಯುಲೇಟರ್ ಶಾರ್ಟ್ ಆದರೆ? ಫೀಲ್ಡ್‌ಗೆ ಪೂರ್ತಿ ಕರೆಂಟ್ ನುಗ್ಗುತ್ತೆ. ವೋಲ್ಟೇಜ್ 16 ದಾಟಿ ಏರುತ್ತಲೇ ಹೋಗುತ್ತೆ. ರೇಡಿಯೋ, ಇಗ್ನಿಷನ್ ಬಾಕ್ಸ್ ಎಲ್ಲಾ ಒಟ್ಟಿಗೆ ಸುಟ್ಟುಹೋಗಬಹುದು. ರೆಗ್ಯುಲೇಟರ್ ಆಲ್ಟರ್ನೇಟರ್ ಒಳಗೇ ಇರುವಂಥದ್ದಾದರೆ, ಸ್ವಿಚ್ ಆಫ್ ಮಾಡಿದರೂ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಜೊತೆಗೆ ಬೆಲ್ಟ್, ಬ್ರಾಕೆಟ್, ಕಾರ್ಬನ್ ಬ್ರಷ್ ಬೇರೆ.

ನಾವು ಆರಿಸಿಕೊಂಡಿದ್ದು ಮ್ಯಾಗ್ನೆಟ್ ಡೈನಮೋ. ಬೈಕ್‌ನಲ್ಲಿ ಇರುತ್ತಲ್ಲ, ಅದೇ ಥರ. ಮ್ಯಾಗ್ನೆಟ್ ಎಂಜಿನ್ ಜೊತೆಗೇ ತಿರುಗುತ್ತೆ, ಸ್ಟೇಟರ್ ಕಾಯಿಲ್ ಕೂತಲ್ಲೇ ಕೂತಿರುತ್ತೆ. ಸವೆಯೋಕೆ ಏನೂ ಇಲ್ಲ. 20 ಆಂಪಿಯರ್ ಕೊಡುತ್ತೆ. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದಾಗ ಪಂಪ್, ಇಗ್ನಿಷನ್, ರೇಡಿಯೋ, ದೀಪ ಎಲ್ಲಾ ಸೇರಿ ನಮ್ಮ ಲೋಡ್ 11 ದಾಟಲಿಲ್ಲ.

ಇದರ ಕಷ್ಟ ಇರುವುದು ರೆಕ್ಟಿಫೈಯರ್‌ನಲ್ಲಿ, ಅಂದರೆ ಡೈನಮೋದ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗದಲ್ಲಿ. ಮ್ಯಾಗ್ನೆಟ್ ಶಕ್ತಿಯನ್ನು ತಗ್ಗಿಸೋಕಾಗಲ್ಲ. ಹಾಗಾಗಿ ರೆಕ್ಟಿಫೈಯರ್ ಜೊತೆಗೇ ಇರುವ ಶಂಟ್ ಮಾದರಿಯ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ಶಾರ್ಟ್ ಮಾಡಿ ವಾಪಸ್ ಕಾಯಿಲ್‌ಗೇ ತಿರುಗಿಸುತ್ತೆ. ಅದೆಲ್ಲ ಬಿಸಿಯಾಗುತ್ತೆ. ವೈರ್‌ಗಳನ್ನು ಜೋಡಿಸುವ ಈ ಕಪ್ಲರ್ ಹತ್ತಿರದಿಂದ ನೋಡಿ. ಹಳದಿ ವೈರ್ ಬರುವ ಎರಡು ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಪಿನ್ ಮೇಲೆ ಹಸಿರು ಕಿಲುಬು. ನಮ್ಮ ಮಳೆಗಾಲದ ತೇವಕ್ಕೆ ಹೀಗಾಗುತ್ತೆ. ಕಿಲುಬು ಹಿಡಿದಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಅಲ್ಲೇ ಬಿಸಿ, ಬಿಸಿಗೆ ಪಿನ್ ಇನ್ನಷ್ಟು ಸಡಿಲ. ಈ ಕಪ್ಲರ್ ತೆಗೆದುಹಾಕಿ, ರಿಂಗ್ ಟರ್ಮಿನಲ್ ಒತ್ತಿ, ನಟ್ ಬೋಲ್ಟ್ ಬಿಗಿದಿದ್ದೇವೆ. ರೆಕ್ಟಿಫೈಯರ್‌ನ್ನು ಎಂಜಿನ್ ಪಕ್ಕದಿಂದ ತೆಗೆದು, ಫೈರ್‌ವಾಲ್‌ನ (ಎಂಜಿನ್‌ಗೂ ನಮಗೂ ನಡುವೆ ಬೆಂಕಿ ತಡೆಯುವ ಗೋಡೆ) ಈಚೆ ತಂದು, ತಣ್ಣನೆ ಗಾಳಿಗೆ ಒಂದು ಪೈಪ್ ಕೊಟ್ಟಿದ್ದೇವೆ.

ಸ್ಟೇಟರ್‌ಗೂ ರೆಕ್ಟಿಫೈಯರ್‌ಗೂ ನಡುವೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ ಇದೆ. 16 ವೋಲ್ಟ್ ದಾಟಿದರೆ ಅದು ತಾನಾಗೇ ಬಿಡಿಸಿಕೊಳ್ಳುತ್ತೆ. 13ಕ್ಕಿಂತ ಇಳಿದರೆ ಕಣ್ಣೆದುರೇ ಕೆಂಪು ದೀಪ. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇದ್ದಾಗ ತೋರಿಸುವುದೇ 12.6ರ ಹತ್ತಿರ. ಹಾಗಾಗಿ ಎಂಜಿನ್ ಓಡುವಾಗ 13ಕ್ಕಿಂತ ಕಮ್ಮಿ ಅಂದರೆ ಚಾರ್ಜಿಂಗ್ ನಿಂತಿದೆ ಅಂತಲೇ ಲೆಕ್ಕ. ಆಗ ಪಂಪ್ ಮತ್ತು ಇಗ್ನಿಷನ್ ಬಿಟ್ಟು ಉಳಿದದ್ದೆಲ್ಲ ಆಫ್. ಇವೆರಡೂ ಸೇರಿ 6 ಆಂಪಿಯರ್, ಬ್ಯಾಟರಿ 18 ಆಂಪಿಯರ್ ಅವರ್. ಕಾಗದದ ಮೇಲೆ 3 ಗಂಟೆ. ಬ್ಯಾಟರಿಗೆ ವಯಸ್ಸಾಗುತ್ತೆ ಅಲ್ವಾ, ನಾನು ಅರ್ಧವನ್ನಷ್ಟೇ ನಂಬುತ್ತೇನೆ.

ಮುಂದಿನ ವಿಡಿಯೋದಲ್ಲಿ ಪೂರ್ತಿ ಲೋಡ್ ಹಾಕಿ ಎಂಜಿನ್ ಓಡಿಸುತ್ತೇವೆ. ರೆಕ್ಟಿಫೈಯರ್ ಎಷ್ಟು ಬಿಸಿಯಾಗುತ್ತೆ ಅಂತ ಅಳೆದು, ಆಮೇಲೆ ನಡುವೆ ಬೇಕಂತಲೇ ರಿಲೇ ಕಿತ್ತು, ಬ್ಯಾಟರಿ ಒಂದರಲ್ಲೇ ಎಷ್ಟು ಹೊತ್ತು ಓಡುತ್ತೆ ಅಂತ ನೋಡುತ್ತೇವೆ.